ಹೆಸರನ್ನು ಬಿಟ್ಟು ಬೆರಳನ್ನು ಹುಡುಕಿದೆ: ಗಾಂಬಾ ಹಸ್ತಪ್ರತಿಗಳೊಂದಿಗೆ ನನ್ನ ಅನುಭವ

ಸಂಗೀತ ಹಸ್ತಪ್ರತಿಗಳ ಸೂಚಿಯಲ್ಲಿ ‘ಕರ್ತೃ ಅಜ್ಞಾತ, ಪಿಟೀಲು ಮತ್ತು ಬಾಸ್’ ಎಂದಷ್ಟೇ ನಮೂದಾಗಿದ್ದ ಒಂದು ಸೊನಾಟಾವನ್ನು ಕಳೆದ ಫೆಬ್ರವರಿಯಲ್ಲಿ ನಾವು ಮೂವರು ಜರ್ಮನಿಯ ಕಾಸೆಲ್ ನಗರದ ಒಂದು ಚರ್ಚಿನ ಸಭಾಂಗಣದಲ್ಲಿ ಪಿಟೀಲು, ಗಾಂಬಾ (ಕಾಲುಗಳ ನಡುವೆ ಇಟ್ಟು ಕಮಾನಿನಿಂದ ನುಡಿಸುವ, ಮೆಟ್ಟಿಲುಗಳಿರುವ ಹಳೆಯ ತಂತಿವಾದ್ಯ) ಮತ್ತು ಪಿಯಾನೋಗಿಂತ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ಗಳಲ್ಲಿ ನುಡಿಸಿದೆವು. ಕೇಳಲು ಬಂದವರು ಇಪ್ಪತ್ತೈದು ಮಂದಿಗಿಂತ ಹೆಚ್ಚಿರಲಿಲ್ಲ. ಆದರೆ ಎರಡನೆಯ ಸಾಲಿನಲ್ಲಿ ನನ್ನ ಗಾಂಬಾ ಶಿಕ್ಷಕರು ಕುಳಿತಿದ್ದರು, ನನಗೆ ಬೇಕಾಗಿದ್ದುದೂ ಅದೇ. ಮೂರು ವರ್ಷಗಳ ಹಿಂದೆ ಸೂಚಿಗಳಲ್ಲಿ ಬೇರೆ ಹೆಸರಿನಡಿ ಅಡಗಿರುವ ಗಾಂಬಾ ರಚನೆಗಳ ಈ ಹುಡುಕಾಟವನ್ನು ಅವರಿಗೆ ವಿವರಿಸಿದಾಗ, ಪ್ರಾಧ್ಯಾಪಕರು ತಲೆಮಾರುಗಳಿಂದ ಜರಡಿ ಹಿಡಿದಿರುವ ಸೂಚಿಗಳಲ್ಲಿ ವಾರಾಂತ್ಯದಲ್ಲಷ್ಟೇ ಬಿಡುವಿರುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನಿಗೆ ಏನು ಸಿಕ್ಕೀತು ಎಂದು ಅವರು ನಯವಾಗಿಯೇ ಕೇಳಿದ್ದರು. ನಮ್ಮ ಹಾರ್ಪ್ಸಿಕಾರ್ಡ್ ವಾದಕನಿಗೆ ಅಷ್ಟು ನಯವೂ ಇರಲಿಲ್ಲ.

ಹವ್ಯಾಸಿ ಕೂಟಗಳಲ್ಲಿ ನುಡಿಸುವವರಿಗೆ ಈ ಬೇಸರ ಗೊತ್ತಿರುತ್ತದೆ. ಹದಿನೇಳು, ಹದಿನೆಂಟನೆಯ ಶತಮಾನಗಳ ಸಂಗೀತಗಾರರ ಅವೇ ರಚನೆಗಳು: ಮರೇಯ ಐದು ಸಂಪುಟಗಳು, 1694ರ ಸುಮಾರಿಗೂ 1696ರಲ್ಲೂ ಅಚ್ಚಾದ ಬುಕ್ಸ್ಟೆಹೂಡೆಯ 14 ಸೊನಾಟಾಗಳು, ಎರ್ಲೆಬಾಖ್‌ನ ಆರು, ಇದೇ ಕಾಸೆಲ್‌ನಲ್ಲಿ 1698ರಲ್ಲಿ ಕ್ಯೂನೆಲ್ ಪ್ರಕಟಿಸಿದ 14 ರಚನೆಗಳು. ಇವನ್ನೇ ತಿರುತಿರುಗಿ ನುಡಿಸುತ್ತೇವೆ. ಎರ್ಲೆಬಾಖ್‌ನ ಹೆಚ್ಚಿನ ಕೃತಿಗಳು 1735ರಲ್ಲಿ ರುಡೋಲ್‌ಸ್ಟಾಟ್ ಅರಮನೆಯ ಬೆಂಕಿಗೆ ಆಹುತಿಯಾದವು ಎಂಬುದನ್ನು ಓದಿದಾಗಲೆಲ್ಲ, ಊರೂರಿಗೆ ಹರಡಿಹೋಗಿದ್ದ ಪ್ರತಿಗಳ ಗತಿ ಏನಾಯಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಟೆಲೆಮನ್ ಅದೇ 1735ರಲ್ಲಿ ಹ್ಯಾಂಬರ್ಗ್‌ನಲ್ಲಿ ಅಚ್ಚು ಹಾಕಿಸಿದ 12 ಗಾಂಬಾ ಫ್ಯಾಂಟಸಿಗಳು ಕಳೆದೇಹೋದವೆಂದು ಎಲ್ಲರೂ ಕೈಚೆಲ್ಲಿದ್ದರು. ಅವು ಲೇಡೆನ್‌ಬುರ್ಗ್ ಸಂಗ್ರಹದೊಳಗೆ, ಓಸ್ನಬ್ರೂಕ್‌ನ ಪತ್ರಾಗಾರದಲ್ಲಿ ಪತ್ತೆಯಾಗಿ 2016ರಲ್ಲಿ ಮತ್ತೆ ಪ್ರಕಟವಾದವು. ಶಿಕ್ಷಕರ ಪ್ರಶ್ನೆಗೆ ಆ ದಿನ ನನ್ನಲ್ಲಿದ್ದ ಉತ್ತರ ಅದೊಂದೇ.

ಮೊದಲ ವರ್ಷ ಪೂರ್ತಿ ವ್ಯರ್ಥವಾಯಿತು. 2010ರಿಂದ ಉಚಿತವಾಗಿ ಸಿಗುತ್ತಿರುವ ರಿಸ್ಮ್ ಎಂಬ, ನಾನಾ ದೇಶಗಳ ಗ್ರಂಥಾಲಯಗಳ ಸಂಗೀತ ಮೂಲಗಳ ಸೂಚಿಯಲ್ಲಿ ಎಲ್ಲರೂ ಮಾಡುವಂತೆ ವಾದ್ಯದ ಹೆಸರಿನಿಂದಲೇ ಹುಡುಕಿದೆ. ಸಿಕ್ಕಿದ್ದೆಲ್ಲ ಬೇರೆಯವರಿಗೂ ಸಿಕ್ಕಿದ್ದೇ ಆಗಿತ್ತು. ಬಳಿಕ ‘ವಿಯೋಲಾ’ ಎಂದಷ್ಟೇ ಇರುವ ನಮೂದುಗಳ ಬೆನ್ನು ಹತ್ತಿದೆ. ಹದಿನೇಳನೆಯ ಶತಮಾನದ ಜರ್ಮನ್ ನಕಲುಗಾರ ಆ ಪದವನ್ನು ಅನೇಕ ಸಲ ತೋಳಿನ ಮೇಲಿಟ್ಟು ನುಡಿಸುವ ವಾದ್ಯಕ್ಕೂ ಬಳಸುತ್ತಾನೆಂಬುದು ನನಗೆ ತಿಳಿಯದ ವಿಷಯವೇನಲ್ಲ, ಆದರೂ ಆಸೆ ಬಿಡಲಿಲ್ಲ. ಒಂದು ಗ್ರಂಥಾಲಯದಿಂದ ಅರವತ್ತು ಚಿಲ್ಲರೆ ಪುಟಗಳ ಸ್ಕ್ಯಾನ್ ತರಿಸಿದೆ; ಪುಟಕ್ಕೆ ಸುಮಾರು ಅರ್ಧ ಯೂರೋ, ಮೇಲೆ ಸೇವಾಶುಲ್ಕ ಬೇರೆ. ಆರು ವಾರ ಕಾದ ಮೇಲೆ ಕೈಗೆ ಬಂದದ್ದು ಹೆಸರು ಬರೆಯದೆ ನಕಲು ಮಾಡಿದ, ನನ್ನ ಕಪಾಟಿನಲ್ಲಿ ಆಗಲೇ ಅಚ್ಚಿನಲ್ಲಿದ್ದ ಟೆಲೆಮನ್‌ನ ಒಂದು ಟ್ರಿಯೋ. ಇಂತಹ ಮೂರು ನಾಲ್ಕು ಪೆಟ್ಟುಗಳಲ್ಲಿ 250 ಯೂರೋಗಳಷ್ಟು ಹೋಯಿತು. ಅದನ್ನು ರೂಪಾಯಿಗೆ ಪರಿವರ್ತಿಸಿ ಮೈಸೂರಿನಲ್ಲಿರುವ ಅಮ್ಮನಿಗೆ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ದಾರಿ ತೋರಿದ್ದು ಚಿಕ್ಕಂದಿನ ವೀಣೆಯ ಪಾಠ. ಒಂದು ಸಂಚಾರವನ್ನು ಕಂಡೊಡನೆ ಅದು ಯಾವ ತಂತಿಯ ಯಾವ ಮೆಟ್ಟಿಲ ಮೇಲೆ ಕೂರುತ್ತದೆಂದು ಕೈಗೆ ತಿಳಿದುಬಿಡುತ್ತದೆ. ಹಾಗೆಯೇ ಗಾಂಬಾಗಾಗಿ ಬರೆದ ಸ್ವರಗಳು ಹೆಸರು ಯಾವುದಿದ್ದರೂ ಗಾಂಬಾದ ಬೆರಳುಗಳನ್ನೇ ಬೇಡುತ್ತವೆ. ಡಿ ಮೇಜರ್‌ನ ಆರು ಸ್ವರಗಳ ಕಾರ್ಡನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ತೆಗೆದುಕೊಳ್ಳಿ: ಅತ್ಯಂತ ಕೆಳಗಿನ ತಂತಿ ಮತ್ತು ಮೇಲಿನ ಎರಡು ತಂತಿಗಳನ್ನು ಒತ್ತದೆ ಬಿಟ್ಟು, ನಡುವಿನ ಮೂರನ್ನು ಎರಡನೆಯ ಮೆಟ್ಟಿಲಲ್ಲಿ ಒತ್ತಿದರೆ ಮುಗಿಯಿತು. ನಾಲ್ಕೇ ತಂತಿಗಳಿರುವ, ಪಂಚಮದ ಅಂತರದಲ್ಲಿ ಶ್ರುತಿ ಮಾಡಿದ ಚೆಲ್ಲೋದಲ್ಲಿ ಅದು ಸಾಧ್ಯವೇ ಇಲ್ಲ. ಸೂಚಿ ‘ಬಾಸ್’ ಎನ್ನಲಿ, ‘ವಯೊಲೊನ್‌ಚೆಲ್ಲೊ’ ಎನ್ನಲಿ, ಅಂತಹ ಕಾರ್ಡ್ ಕಂಡರೆ ಅದು ನಮ್ಮ ವಾದ್ಯದ್ದೇ.

ರಿಸ್ಮ್‌ನ ದತ್ತಾಂಶವನ್ನು ಮುಕ್ತವಾಗಿ ಇಳಿಸಿಕೊಳ್ಳಬಹುದಾದ್ದರಿಂದ, ಬಾಸ್ ಎಂದು ನಮೂದಾಗಿದ್ದರೂ ಆರಂಭದ ಸ್ವರಸಾಲು, ಬಾಸ್‌ಗಿಂತ ಮೇಲಿನ ಸ್ವರಗಳಿಗೆ ಹಾಕುವ ಗುರುತಾದ ಆಲ್ಟೋ ಕ್ಲೆಫ್‌ನಲ್ಲಿರುವ, ಅಂದರೆ ಸಿ-3 ಎಂದು ಗುರುತಿಸಿರುವ ದಾಖಲೆಗಳನ್ನು ಮಾತ್ರ ಹೆಕ್ಕುವ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಸಾವಿರಾರು ದಾಖಲೆಗಳು ಸುಮಾರು ನಾಲ್ಕುನೂರಕ್ಕೆ ಇಳಿದವು. ಎರಡನೆಯ ಜರಡಿ ಪಿಟೀಲಿನ ಕಡೆಯದು: ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಗಾಂಬಾ ವಾದಕ ಆಬೆಲ್‌ನ ಕಾಲಕ್ಕೆ, ಗಾಂಬಾದ ಸ್ವರಗಳನ್ನು ಟ್ರೆಬಲ್ ಕ್ಲೆಫ್‌ನಲ್ಲಿ ಬರೆದು ಒಂದು ಸ್ಥಾಯಿ ಕೆಳಗೆ ನುಡಿಸುವ ರೂಢಿ ಇದ್ದುದರಿಂದ, ಪಿಟೀಲಿನ ಪಾಲು ಎಂದು ದಾಖಲಾದವುಗಳಲ್ಲೂ ನಮ್ಮವು ಅಡಗಿರುತ್ತವೆ. ಮೂರನೆಯ ಜರಡಿಯೊಂದಿದೆ. ನಾಲ್ಕುನೂರನ್ನು ಮೂವತ್ತಕ್ಕೆ ಇಳಿಸಿದ್ದು ಅದೇ, ಮತ್ತು ನನ್ನ ಬಳಿ ಇನ್ನೂ ನೋಡಬೇಕಾದ ಹತ್ತು ಹನ್ನೆರಡು ಹಸ್ತಪ್ರತಿಗಳು ಉಳಿದಿರುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ನಕಲುಗಾರನ ಅಭ್ಯಾಸಕ್ಕೆ ಸಂಬಂಧಿಸಿದ್ದು ಎಂದಷ್ಟು ಹೇಳಬಲ್ಲೆ.

ಈ ನಡುವೆ ಗಾಂಬಾದ್ದೇ ಒಂದು ಬಗೆಯಾದ ಲೈರಾ ವಯಲ್‌ನ ಟ್ಯಾಬ್ಲೇಚರ್‌ಗಳ ಕಡೆಗೂ ಮನಸ್ಸು ಓಡಿತು. ಇಂಗ್ಲೆಂಡಿನಲ್ಲಿ ಪ್ರಕಾಶಕ ಪ್ಲೇಫರ್ಡ್ 1682ರವರೆಗೂ ಮತ್ತೆ ಮತ್ತೆ ಅಚ್ಚು ಹಾಕಿದ ಪ್ರಕಾರ ಅದು. ಹತ್ತಾರು ಬಗೆಯ ಶ್ರುತಿಗಳು, ಪ್ರತಿಯೊಂದಕ್ಕೂ ತಂತಿಗಳನ್ನು ಏರಿಳಿಸಬೇಕು. ಒಂದೇ ವಾರದಲ್ಲಿ ಕರುಳಿನ ಮೇಲ್ತಂತಿಗಳೆರಡು ಕಿತ್ತುಹೋದವು, ತಲಾ ಹನ್ನೆರಡು ಯೂರೋ. ಲಾಭವೆಂದರೆ, ಟ್ಯಾಬ್ಲೇಚರ್ ಮೆಟ್ಟಿಲುಗಳನ್ನೇ ಅಕ್ಷರಗಳಲ್ಲಿ ತೋರಿಸುವುದರಿಂದ, ಅಂದಿನ ವಾದಕರು ಯಾವ ಕಾರ್ಡ್‌ಗಳನ್ನು ಕೈಗೆ ಸಲೀಸೆಂದು ಬಗೆದಿದ್ದರು ಎಂಬುದರ ಒಂದು ಪಟ್ಟಿ ತಯಾರಾಯಿತು. ಮುಂದೆ ಜರ್ಮನ್ ಹಸ್ತಪ್ರತಿಗಳನ್ನು ತಿರುವಿಹಾಕುವಾಗ ಆ ಪಟ್ಟಿ ಪಕ್ಕದಲ್ಲಿಯೇ ಇರುತ್ತಿತ್ತು.

ಮೂವತ್ತರಲ್ಲಿ ಹದಿನೆಂಟಕ್ಕೆ ಗ್ರಂಥಾಲಯಗಳೇ ಉಚಿತ ಸ್ಕ್ಯಾನ್ ಒದಗಿಸಿದ್ದವು. ಹದಿನೇಳನೆಯದರಲ್ಲಿ, ‘ಬಾಸೊ’ ಎಂಬ ತಲೆಬರಹದ ಹಾಳೆಯ ನಿಧಾನ ಭಾಗದ ಕೊನೆಯಲ್ಲಿ, ಆರೂ ತಂತಿಗಳ ಡಿ ಮೈನರ್ ಕಾರ್ಡ್ ಕಾಣಿಸಿತು. ರಾತ್ರಿ ಹನ್ನೊಂದಾಗಿತ್ತು, ಪಕ್ಕದ ಮನೆಯವರ ಸಹನೆಯನ್ನು ಲೆಕ್ಕಿಸದೆ ನುಡಿಸಿಯೇ ನೋಡಿದೆ. ಅದು ಬರಿಯ ಬಾಸ್ ಆಗಿರಲಿಲ್ಲ. ಬುಕ್ಸ್ಟೆಹೂಡೆಯಲ್ಲಿ ಆಗುವಂತೆಯೇ ಒಮ್ಮೆ ಪಿಟೀಲಿನೊಡನೆ ಸಮನಾಗಿ ಮಾತಾಡಿ, ಇನ್ನೊಮ್ಮೆ ಕೆಳಗಿಳಿದು ಆಧಾರ ಕೊಡುವ ಗಾಂಬಾದ ಪಾಲಾಗಿತ್ತು. ಹಾಗಾದರೆ ಹಾರ್ಪ್ಸಿಕಾರ್ಡ್ ವಾದಕ ನೋಡಿ ನುಡಿಸುವ ಕಂಟಿನ್ಯುವೊ, ಅಂದರೆ ಆಧಾರದ ಬಾಸ್ ಹಾಳೆ ಕಳೆದುಹೋಗಿದೆ ಎಂದಾಯಿತು. ಎರಡು ತಿಂಗಳು ಕೂತು ನಾನೇ ಬಾಸ್ ರಚಿಸಿದೆ. ಹಾರ್ಪ್ಸಿಕಾರ್ಡ್ ವಾದಕ ಅದನ್ನು ನುಡಿಸಿ, ಇದು ಹೆಚ್ಚೆಂದರೆ ಪರೀಕ್ಷೆಯ ಉತ್ತರಪತ್ರಿಕೆಯಂತಿದೆ ಎಂದ.

ನನ್ನ ಬಾಸ್‌ನ ಮೊದಲ ಹತ್ತು ಸ್ವರಗಳನ್ನು, ಕಾಲಪ್ರಮಾಣ ಬಿಟ್ಟು ಸ್ವರಗಳ ಅಂತರಗಳನ್ನಷ್ಟೇ ಹೋಲಿಸುವಂತೆ, ಮತ್ತೆ ಸೂಚಿಯಲ್ಲಿ ಹಾಕಿದೆ. ಬೇರೊಂದು ದೇಶದ ಗ್ರಂಥಾಲಯದಲ್ಲಿ, ಕಾರ್ಡ್‌ಗಳನ್ನು ಸೂಚಿಸುವ ಅಂಕಿಗಳಿರುವ ಒಂಟಿ ಬಾಸ್ ಹಾಳೆಯೊಂದು ಹೊಂದಿಕೆಯಾಯಿತು. ಈ ಬಾರಿ ಹದಿನಾಲ್ಕು ಯೂರೋ ಕೊಟ್ಟೆ, ಹತ್ತು ದಿನಗಳಲ್ಲಿ ಬಂತು. ಭಾಗಗಳ ಅನುಕ್ರಮ, ಬಾರ್‌ಗಳ (ತಾಳದ ವಿಭಾಗಗಳ) ಎಣಿಕೆ, ನಿಧಾನ ಭಾಗದ ಕೊನೆಯ ಡಿ ಮೈನರ್ ಎಲ್ಲವೂ ಕೂಡಿಬಂದವು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ನಾನು ಊಹಿಸಿ ಬರೆದಿದ್ದ ಬಾಸ್‌ನಲ್ಲಿ ಮುಕ್ಕಾಲು ಪಾಲು ಬಾರ್‌ಗಳು ಸರಿಯಾಗಿಯೇ ಇದ್ದವು.

ಆ ಎರಡು ಗ್ರಂಥಾಲಯಗಳ ಹೆಸರನ್ನು ಸಂಪಾದಿತ ಪ್ರತಿ ಅಚ್ಚಾಗುವವರೆಗೆ ಹೇಳಲಾರೆ. ಕರ್ತೃ ಯಾರೆಂದು ಊಹಿಸುವ ಆತುರವೂ ನನಗಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶಿಕ್ಷಕರು ಸ್ವರಪ್ರತಿಯನ್ನು ಕೈಗೆತ್ತಿಕೊಂಡು, ಕೊನೆಯ ಭಾಗದಲ್ಲಿ ಕಾಗದ ಹರಿದಿದ್ದ ಕಡೆ ನಾನು ತುಂಬಿದ್ದ ಎರಡು ಬಾರ್‌ಗಳ ಮೇಲೆ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಆಮೇಲೆ ಮುಂದಿನ ಹಸ್ತಪ್ರತಿಯಲ್ಲಿ ಎರಡು ಗಾಂಬಾಗಳಿವೆಯೇ ಎಂದು ಕೇಳಿದರು. ಇವೆ ಎಂದೆ.