ಚಕ್ಕುಬಂದಿ ಚೀಟಿ ಗ್ರೂಪಿಗೆ ಹೋಗದ ಹಾಗೆ ಟೈಪ್ ಮಾಡುವುದು ಹೇಗೆ?

ಮೈಸೂರಿನ ಚಾಮರಾಜಪುರಂನಲ್ಲಿ, ಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರ, ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷೀನ್, ಕಾಯುವವರಿಗೆ ಒಂದು ಬೆಂಚು. ಅಫಿಡವಿಟ್, ಬಾಡಿಗೆ ಕರಾರು, ಕ್ರಯಪತ್ರ, ಇವೇ ದಿನದ ಕೆಲಸ. ಮೊದಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಅನ್ನುವ ಎಡಿಟರ್‌ನಲ್ಲಿ ಬರೀ ಅಕ್ಷರ ಹೊಡೆದುಕೊಳ್ಳುತ್ತೇನೆ. ಆಮೇಲೆ ವರ್ಡ್‌ಗೆ ಹಾಕಿ ಅಂದಚೆಂದ ಮಾಡುತ್ತೇನೆ.

ಹೋದ ವರ್ಷ ಒಂದು ದಿನ ಸೈಟಿನ ಕ್ರಯಪತ್ರ ಹೊಡೆಯುತ್ತಿದ್ದೆ. ಕಣ್ಣು ವಕೀಲರ ಕೈಬರಹದ ಮೇಲೆ. ನಾನು ಟೈಪ್‌ರೈಟರ್‌ನಲ್ಲಿ ಕಲಿತವಳು. ಕೀ ನೋಡಬೇಡ, ಕಾಪಿ ನೋಡು ಅಂತ ಮೇಷ್ಟ್ರು ಬೈದು ಬೈದು ಕಲಿಸಿದ್ದು. ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಗಡಿ, ಬಂತು. ಪೂರ್ವಕ್ಕೆ ರಸ್ತೆ, ಎಂಟರ್. ಪಶ್ಚಿಮಕ್ಕೆ ಖಾಸಗಿ ಸ್ವತ್ತು, ಎಂಟರ್. ಉತ್ತರ, ದಕ್ಷಿಣ ಎಲ್ಲ ಮುಗಿಸಿ ತಲೆ ಎತ್ತಿದರೆ ಎಡಿಟರ್‌ನಲ್ಲಿ ಒಂದಕ್ಷರವೂ ಇಲ್ಲ. ನಾಲ್ಕೂ ದಿಕ್ಕು ನಾಲ್ಕು ಮೆಸೇಜ್ ಆಗಿ ನಮ್ಮ ಬೀದಿ ಹೆಂಗಸರ ಚೀಟಿ ಗ್ರೂಪಿಗೆ ಹೋಗಿವೆ. ಒಬ್ಬರು ಆಗಲೇ ಕೇಳಿದ್ದರು: "ಯಾವ ಏರಿಯಾ ಸೈಟು ಅಕ್ಕಾ? ಎಷ್ಟಂತೆ?"

ಟೈಪ್‌ರೈಟರ್‌ಗೆ ಸಿಕ್ಕಿಸಿದ ಹಾಳೆ ಒಂದೇ. ಏನು ಕುಟ್ಟಿದರೂ ಅದರ ಮೇಲೇ ಬೀಳುತ್ತದೆ. ಕಂಪ್ಯೂಟರ್‌ನಲ್ಲಿ ಹತ್ತು ವಿಂಡೋ ತೆರೆದಿರಬಹುದು, ಆದರೆ ಕೀಬೋರ್ಡಿನ ಮಾತು ಕೇಳುವುದು ಒಂದು ಸಲಕ್ಕೆ ಒಂದೇ. ಆ ವಿಂಡೋಗೆ ಫೋಕಸ್ ಇದೆ ಅನ್ನುತ್ತಾರೆ. ನನ್ನ ತೊಂದರೆ ಇಷ್ಟೇ ಆಗಿತ್ತು: ನನ್ನ ಕಣ್ಣು ಹಾಳೆಯ ಮೇಲಿದ್ದಾಗ ಫೋಕಸ್ ಬೇರೆ ಕಡೆ ಹಾರಿತ್ತು.

ಯಾಕೆ ಹಾರಿತು ಅಂತ ಆಮೇಲೆ ಯೋಚಿಸಿದೆ. ತಪ್ಪು ನನ್ನದೇ. ಪಾರ್ಟಿಯವರು ಕಳಿಸಿದ ಫೋಟೋ ನೋಡೋಣ ಅಂತ ಚಾಟ್ ಐಕಾನ್ ಒತ್ತಿದ್ದೆ. ಅದು ತೆರೆಯಲು ನಿಧಾನ ಮಾಡಿತು. ಅಷ್ಟರಲ್ಲಿ ಎರಡು ಸಾಲು ಹೊಡೆಯೋಣ ಅಂತ ಎಡಿಟರ್‌ಗೆ ಬಂದೆ. ಚಾಟ್ ತೆರೆದುಕೊಂಡು ಸೀದಾ ಮುಂದೆ ಬಂದು ಕೂತಿತು.

ಸಿಕ್ಕಸಿಕ್ಕ ಪ್ರೋಗ್ರಾಮ್ ಹೀಗೆ ಮುಂದೆ ನುಗ್ಗಲು ವಿಂಡೋಸ್ ಬಿಡುವುದಿಲ್ಲ. ನೀವು ಕೀ ಒತ್ತುತ್ತಾ ಇದ್ದರೆ, ಕೊನೆಯ ಕೀ ಆದ ಮೇಲೂ 200 ಸೆಕೆಂಡ್ ತನಕ ಬೇರೆಯವರು ತಾವಾಗಿ ಮುಂದೆ ಬರಕೂಡದು ಎಂಬುದು ಅದರ ಮಾಮೂಲಿ ಲೆಕ್ಕ. ತಡೆದಾಗ ಆ ಪ್ರೋಗ್ರಾಮಿನ ಐಕಾನ್ ಕೆಳಗೆ ಟಾಸ್ಕ್‌ಬಾರ್‌ನಲ್ಲಿ ಮಿಣುಕುತ್ತದೆ. ಆದರೆ ನೀವೇ ಕರೆದ ಪ್ರೋಗ್ರಾಮಿಗೆ ಬಾಗಿಲು ತೆರೆದಿರುತ್ತದೆ. ಆದ್ದರಿಂದ ಮೊದಲ ಪಾಠ: ಏನನ್ನಾದರೂ ತೆರೆಯಲು ಒತ್ತಿದರೆ, ಅದು ತೆರೆಯುವ ತನಕ ಕೈ ಕಟ್ಟಿ ಕೂತಿರಿ. ಇನ್ನೊಂದು, ಆ 200 ಸೆಕೆಂಡ್ ಅಂದರೆ 3 ನಿಮಿಷ 20 ಸೆಕೆಂಡ್. ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಟೀ ಮುಗಿಸಿ ಬಂದವರು ಕೂತ ತಕ್ಷಣ ಕೀ ಮುಟ್ಟಬೇಡಿ. ಎಡಿಟರ್ ಒಳಗೆ ಒಂದು ಸಲ ಕ್ಲಿಕ್ ಮಾಡಿ ಶುರು ಮಾಡಿ.

ನೋಟಿಫಿಕೇಷನ್ ಆಫ್ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಮೂಲೆಯಲ್ಲಿ ಬಂದು ಹೋಗುವ ಆ ಚೀಟಿಗಳು ಸಾಮಾನ್ಯವಾಗಿ ಕೀಬೋರ್ಡನ್ನು ಕಸಿದುಕೊಳ್ಳುವುದಿಲ್ಲ. ಸುಮ್ನೆ ಅವುಗಳ ಮೇಲೆ ಸಿಟ್ಟಾಗಬೇಡಿ. ನಿಜವಾದ ಅಪಾಯ ನಡುವೆ ಬಂದು ನಿಲ್ಲುವ ಪ್ರಶ್ನೆಯ ಡಬ್ಬಿ. ಅಲ್ಲಿ ಎಂಟರ್ ಹೊಡೆದರೆ ಎಷ್ಟೋ ಸಲ ಹೌದು ಅಂದ ಹಾಗೆ, ಸ್ಪೇಸ್ ಹೊಡೆದರೂ ಬಟನ್ ಒತ್ತಿದ ಹಾಗೆ. ಎಸ್ಕೇಪ್ ಸಾಮಾನ್ಯವಾಗಿ ಬೇಡ ಅಂದ ಹಾಗೆ.

ಈಗ ಫೋಕಸ್ ಎಲ್ಲಿದೆ ಅಂತ ಓರೆಗಣ್ಣಿಗೂ ಕಾಣುವ ಹಾಗೆ ಮಾಡಿಕೊಳ್ಳೋಣ. ಈಗಿನ ವಿಂಡೋಗಳೆಲ್ಲ ಒಂದೇ ಬಿಳಿ, ಯಾವುದು ಜೀವಂತ ಅಂತ ತಿಳಿಯುವುದಿಲ್ಲ ಅಲ್ವಾ? ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಅದರೊಳಗೆ ಕಲರ್ಸ್‌ಗೆ ಹೋಗಿ. ಟೈಟಲ್ ಬಾರ್ ಮತ್ತು ಅಂಚಿಗೆ ಬಣ್ಣ ತೋರಿಸು ಅನ್ನುವುದನ್ನು ಆನ್ ಮಾಡಿ. ನಾನು ಗಾಢ ಕೆಂಪು ಇಟ್ಟಿದ್ದೇನೆ. ಫೋಕಸ್ ಇರುವ ವಿಂಡೋಗೆ ಮಾತ್ರ ಆ ಬಣ್ಣ. ಜೊತೆಗೆ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಕರ್ಸರ್ ಅಂತ ಇದೆ. ಅಲ್ಲಿ ಕರ್ಸರನ್ನು ದಪ್ಪ ಮಾಡಬಹುದು, ಮೇಲೆ ಕೆಳಗೆ ಬಣ್ಣದ ಗುರುತು ಹಾಕಬಹುದು. ನಲವತ್ತು ದಾಟಿದವರಿಗೆ ಇದು ವರ.

ಒಂದು ಮಾತು. ಮೇಲೆ ಕಾಣುವುದಕ್ಕೂ ಫೋಕಸ್‌ಗೂ ಸಂಬಂಧವಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ವ್ಯೂ ಮೆನುವಿನಲ್ಲಿ ಆಲ್ವೇಸ್ ಆನ್ ಟಾಪ್ ಇದೆ. ಟಿಕ್ ಮಾಡಿದರೆ ಅದು ಯಾವಾಗಲೂ ಮೇಲೇ ಇರುತ್ತದೆ, ಆದರೆ ಅಕ್ಷರ ಬೀಳುವುದು ಅದರ ಹಿಂದಿನ ವಿಂಡೋಗೆ ಆಗಿರಬಹುದು. ನಾನಂತೂ ಅದನ್ನು ತೆಗೆದುಬಿಟ್ಟೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತಲೆನೋವು ಜಾಸ್ತಿ ಇದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಕನ್ನಡಕ್ಕೆ ಬದಲಾಯಿಸಿದರೆ, ಎಲ್ಲ ವಿಂಡೋಗೂ ಕನ್ನಡವೇ ಆಗುತ್ತದೆ. ವಿಂಡೋಸ್ 8ರಿಂದ ಇದೇ ಪದ್ಧತಿ. ಫೈಲಿಗೆ ಇಂಗ್ಲಿಷ್ ಹೆಸರು ಕೊಡಲು ಹೋದರೆ ಕನ್ನಡ ಬರುತ್ತದೆ. ಇಂಗ್ಲಿಷ್‌ಗೆ ತಿರುಗಿಸಿ ಎಡಿಟರ್‌ಗೆ ವಾಪಸ್ ಬಂದರೆ "ಸದರಿ ಸ್ವತ್ತು" ಅನ್ನುವ ಕಡೆ ಇಂಗ್ಲಿಷ್ ಕಲಸುಮೇಲೋಗರ. ಇದಕ್ಕೆ ಮದ್ದು ಇದೆ, ಬಚ್ಚಿಟ್ಟಿದ್ದಾರೆ ಅಷ್ಟೇ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಟೈಪಿಂಗ್, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್. ಅಲ್ಲಿ ಪ್ರತಿ ಆಪ್ ವಿಂಡೋಗೂ ಬೇರೆ ಬೇರೆ ಇನ್‌ಪುಟ್ ಇರಲಿ ಅನ್ನುವ ಟಿಕ್ ಇದೆ. ಹಾಕಿ. ಈಗ ಎಡಿಟರ್ ಕನ್ನಡದಲ್ಲೇ ಇರುತ್ತದೆ, ಬ್ರೌಸರ್ ಇಂಗ್ಲಿಷ್‌ನಲ್ಲೇ. ಫೋಕಸ್ ಹೋದ ಕಡೆ ಆ ವಿಂಡೋದ ಭಾಷೆ ತಾನಾಗೇ ಬರುತ್ತದೆ. ವಿಂಡೋಸ್‌ನ ಸ್ವಂತ ಕನ್ನಡ ಕೀಬೋರ್ಡ್ ಬಳಸುವವರಿಗೆ ಮಾತ್ರ ಇದು. ನುಡಿ, ಬರಹದಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳಿಗೆ ಅವುಗಳದ್ದೇ ಸ್ವಿಚ್.

ಪಿಡಿಎಫ್ ನೋಡಿಕೊಂಡು ಟೈಪ್ ಮಾಡುವುದು ನನಗೆ ದಿನಾ ಇದ್ದದ್ದೇ. ಹಳೇ ಪತ್ರದ ಸ್ಕ್ಯಾನ್ ಎಡಗಡೆ, ಎಡಿಟರ್ ಬಲಗಡೆ. ಮೊದಲು ಏನು ಮಾಡುತ್ತಿದ್ದೆ? ಪುಟ ಸರಿಸಲು ಪಿಡಿಎಫ್ ಮೇಲೆ ಕ್ಲಿಕ್ ಮಾಡುತ್ತಿದ್ದೆ, ವಾಪಸ್ ಕ್ಲಿಕ್ ಮಾಡಲು ಮರೆಯುತ್ತಿದ್ದೆ. ಈಗ ಕ್ಲಿಕ್ಕೇ ಮಾಡುವುದಿಲ್ಲ. ಮೌಸ್ ಬಾಣವನ್ನು ಸುಮ್ಮನೆ ಪಿಡಿಎಫ್ ಮೇಲೆ ಇಟ್ಟು ಚಕ್ರ ತಿರುಗಿಸುತ್ತೇನೆ. ಪುಟ ಸರಿಯುತ್ತದೆ, ಫೋಕಸ್ ಎಡಿಟರ್‌ನಲ್ಲೇ ಇರುತ್ತದೆ, ಟೈಪಿಂಗ್ ನಿಲ್ಲುವುದಿಲ್ಲ. ವಿಂಡೋಸ್ 10ರಿಂದ ಈ ಸೌಲಭ್ಯ ಇದೆ. ನಿಮ್ಮಲ್ಲಿ ಆಗದಿದ್ದರೆ ಮೌಸ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಆಕ್ಟಿವ್ ವಿಂಡೋ ಸ್ಕ್ರಾಲ್ ಮಾಡುವುದನ್ನು ಆನ್ ಮಾಡಿ. ಇದೊಂದರಿಂದಲೇ ನನ್ನ ಅರ್ಧ ತಪ್ಪು ಕಮ್ಮಿಯಾಯಿತು.

ವಿಂಡೋಸ್ ಬದಲು ಉಬುಂಟು ಲಿನಕ್ಸ್ ಬಳಸುವವರು ಟ್ವೀಕ್ಸ್ ಅನ್ನುವ ಆಪ್‌ನಲ್ಲಿ "ವಿಂಡೋಸ್" ಅನ್ನುವ ಭಾಗ ನೋಡಿ. ಕ್ಲಿಕ್ ಮಾಡಿದರೆ ಫೋಕಸ್ ಬೇಕಾ, ಬಾಣ ಹೋದಲ್ಲಿ ಫೋಕಸ್ ಬೇಕಾ ಅಂತ ಆರಿಸಬಹುದು. ಮಗ ಎರಡನೆಯದನ್ನು ಇಟ್ಟುಕೊಂಡಿದ್ದಾನೆ. ನನಗೆ ಆಗದು, ಮೊಣಕೈ ಮೌಸಿಗೆ ತಗುಲಿದರೆ ಮುಗಿಯಿತು. ಲಿನಕ್ಸ್‌ನಲ್ಲೇ ಕೆಡಿಇ ಅನ್ನುವ ಡೆಸ್ಕ್‌ಟಾಪ್ ಇದ್ದರೆ ಫೋಕಸ್ ಕದಿಯುವುದನ್ನು ಎಷ್ಟು ಬಿಗಿಯಾಗಿ ತಡೆಯಬೇಕು ಅಂತ ಮಟ್ಟಗಳೇ ಇವೆ.

ಸೇವ್ ಮಾಡುವುದನ್ನು ಫೋಕಸ್‌ಗೇ ಒಪ್ಪಿಸಬಹುದು. ವಿಎಸ್ ಕೋಡ್ ಅನ್ನುವ ಎಡಿಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಟೋ ಸೇವ್ ಹುಡುಕಿ, ಆನ್ ವಿಂಡೋ ಚೇಂಜ್ ಆರಿಸಿ. ನೀವು ಬೇರೆ ವಿಂಡೋಗೆ ಹೋದ ಕ್ಷಣ ಫೈಲ್ ಸೇವ್. ಆನ್ ಫೋಕಸ್ ಚೇಂಜ್ ಆದರೆ ಅದೇ ವಿಂಡೋದೊಳಗೆ ಎಡಿಟರ್ ಬಿಟ್ಟು ಪಕ್ಕದ ಟರ್ಮಿನಲ್‌ಗೆ (ಕಮಾಂಡ್ ಹೊಡೆಯುವ ಜಾಗ) ಹೋದರೂ ಸೇವ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಇದರ ಬದಲು ಬ್ಯಾಕಪ್ ಇದೆ, ಮಾಮೂಲಾಗಿ 7 ಸೆಕೆಂಡಿಗೊಮ್ಮೆ. ಪ್ರಿಫರೆನ್ಸಸ್‌ನ ಬ್ಯಾಕಪ್ ಭಾಗದಲ್ಲಿ ಟಿಕ್ ಇದೆಯಾ ನೋಡಿಕೊಳ್ಳಿ.

ಇಷ್ಟಾದರೂ ಒಂದು ದಿನ ತಪ್ಪು ಜಾಗದಲ್ಲಿ ಹೊಡೆದೇ ಹೊಡೆಯುತ್ತೀರಿ. ಆಗ ಗಾಬರಿಯಲ್ಲಿ ಅಳಿಸಬೇಡಿ. ಆ ಪೆಟ್ಟಿಗೆಯಲ್ಲೇ ಕಂಟ್ರೋಲ್ ಎ, ಕಂಟ್ರೋಲ್ ಎಕ್ಸ್. ಎಡಿಟರ್‌ಗೆ ಬಂದು ಕಂಟ್ರೋಲ್ ವಿ. ಹೊಡೆದ ಶ್ರಮ ಉಳಿಯುತ್ತದೆ. ಆದರೆ ತಪ್ಪು ಜಾಗವೂ ಒಂದು ಡಾಕ್ಯುಮೆಂಟೇ ಆಗಿದ್ದರೆ ಕಂಟ್ರೋಲ್ ಎ ಬೇಡ, ಹೊಸ ಸಾಲುಗಳನ್ನಷ್ಟೇ ಆರಿಸಿ ಕತ್ತರಿಸಿ. ನನ್ನ ನಾಲ್ಕು ದಿಕ್ಕು ಆಗಲೇ ಹೊರಟುಹೋಗಿದ್ದವು. ಎಲ್ಲರಿಗೂ ಡಿಲೀಟ್ ಮಾಡಿದೆ. ಆ ಸೈಟು ಎಷ್ಟಕ್ಕೆ ಹೋಯಿತು ಅಂತ ಮಾತ್ರ ಚೀಟಿ ಎತ್ತುವ ದಿನ ಈಗಲೂ ಕೇಳುತ್ತಾರೆ.