ಓಟಿಜಿ ಡಯಲ್ ನಂಬಬಹುದಾ? ಸಕ್ಕರೆ ಇಟ್ಟು ನೋಡಿ

ಕೇಕ್ ಮೇಲೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತಿದ್ದರೆ ರೆಸಿಪಿಯನ್ನು ಬೈಯುವ ಮೊದಲು ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಓವನ್‌ನ ಬಿಸಿ ಪರೀಕ್ಷೆ ಮಾಡಿ. ಡಯಲ್ 180 ಡಿಗ್ರಿ ತೋರಿಸಿದರೂ ಒಳಗೆ 20 ಡಿಗ್ರಿ ಹೆಚ್ಚುಕಡಿಮೆ ಇರುವುದು ಮಾಮೂಲು.

ಒಳಗೆ ಇಡುವ ಓವನ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಕೇಕ್ ಟಿನ್ ಕೂರುವ ಜಾಗದಲ್ಲೇ ಇಡಿ. ಓವನ್ ಕಾಯುತ್ತಿದೆ ಎಂದು ತೋರಿಸುವ ದೀಪ ಆರಿದ ಕೂಡಲೇ ನೋಡಿದ್ದನ್ನು ನಂಬಬೇಡಿ. ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬಿಸಿ ಮಾಡುವ ರಾಡನ್ನು ಆನ್ ಆಫ್ ಮಾಡುತ್ತಲೇ ಇರುತ್ತದೆ, ಬಿಸಿ ಏರಿಳಿಯುತ್ತದೆ. 20 ನಿಮಿಷ ಕಾಯಿಸಿ, ಆಮೇಲೆ ಐದೈದು ನಿಮಿಷಕ್ಕೊಮ್ಮೆ ಬಾಗಿಲು ತೆಗೆಯದೆ ಗಾಜಿನಿಂದಲೇ ನೋಡಿ. ಮೂರ್ನಾಲ್ಕು ಸಲದ ಸರಾಸರಿ ಹಿಡಿಯಿರಿ.

ಥರ್ಮಾಮೀಟರ್ ಇಲ್ವಾ? ಸಕ್ಕರೆ ಇದೆ ಅಲ್ವಾ! ಅದು ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಫಾಯಿಲ್ ಬಟ್ಟಲಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್‌ನಲ್ಲಿ 175ಕ್ಕೆ 15 ನಿಮಿಷ ಇಡಿ. ಕರಗಿದರೆ ಓವನ್ ಜಾಸ್ತಿ ಬಿಸಿ. ಕರಗದಿದ್ದರೆ ಬೇರೆ ಸಕ್ಕರೆ ಹಾಕಿ 190ಕ್ಕೆ ನೋಡಿ. ಆಗಲೂ ಹಾಗೇ ಇದ್ದರೆ ಬಿಸಿ ಸಾಲದು. ವ್ಯತ್ಯಾಸ ಎಷ್ಟು ಡಿಗ್ರಿ ಅಂತ ಇದರಿಂದ ಸಿಗುವುದಿಲ್ಲ, ಡಯಲ್ ಯಾವ ಕಡೆ ತಿರುಗಿಸಬೇಕು ಅನ್ನುವುದು ಗೊತ್ತಾಗುತ್ತದೆ. ಕರಗಿದ ಸಕ್ಕರೆ ಭಯಂಕರ ಸುಡುತ್ತದೆ, ಮಕ್ಕಳನ್ನು ದೂರ ಇಡಿ.

ಓವನ್ ಒಳಗಿನ ಫ್ಯಾನ್ ಹಾಕಿದರೆ ರೆಸಿಪಿ ಹೇಳಿದ್ದಕ್ಕಿಂತ 20 ಡಿಗ್ರಿ ಇಳಿಸಿ. ಕಪ್ಪು ಟಿನ್ ಆದರೆ 10 ಡಿಗ್ರಿ ಇಳಿಸಿದರೆ ಸಾಕು. ಚಿಕ್ಕ ಓಟಿಜಿಯಲ್ಲಿ ಮೇಲಿನ ರಾಡ್ ತೀರಾ ಹತ್ತಿರ. ಹಾಗಾಗಿ ಟಿನ್ನನ್ನು ಒಂದು ಹಂತ ಕೆಳಗೆ ಇಡಿ, ಮೇಲ್ಭಾಗ ಕೆಂಪಾದ ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ.