ಇಂಡಕ್ಷನ್ ಮತ್ತು ರಿಕರ್ಶನ್ ಒಂದೇ ಪೀರಿಯಡ್‌ನಲ್ಲಿ: ನನ್ನ ಅನುಭವ

ಉಡುಪಿ ಕಡೆಯ ಪದವಿ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಾನು, ಕಂಪ್ಯೂಟರ್ ವಿಭಾಗದ ಸಹೋದ್ಯೋಗಿಯ ಜೊತೆ ಸೇರಿ ಇಂಡಕ್ಷನ್ (ಒಂದು ಸಂಖ್ಯೆಗೆ ನಿಜವಾದದ್ದು ಮುಂದಿನದಕ್ಕೂ ನಿಜವೆಂದು ತೋರಿಸಿ ಎಲ್ಲಕ್ಕೂ ಸಾಧಿಸುವ ಗಣಿತದ ವಿಧಾನ) ಮತ್ತು ರಿಕರ್ಶನ್ (ಪ್ರೋಗ್ರಾಮಿನಲ್ಲಿ ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಎರಡನ್ನೂ ಒಟ್ಟಿಗೇ ಪಾಠ ಮಾಡುತ್ತೇನೆಂದಾಗ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದು ‘ಪೋರ್ಷನ್ ಮುಗಿಯುವುದಿಲ್ಲ’ ಎಂದೇ. ಪೋರ್ಷನ್ ಮುಗಿಯಿತು, ಅದೂ ಅವರಿಗಿಂತ ಸುಮಾರು ಒಂದು ವಾರ ಮೊದಲು.

ಮೊದಲ ಸೆಮಿಸ್ಟರ್ ಮಾತ್ರ ವ್ಯರ್ಥವಾಯಿತು. ಒಂದೇ ಕೊಠಡಿಯಲ್ಲಿ ನಾವಿಬ್ಬರೂ ಸರದಿಯಂತೆ ಪಾಠ ಮಾಡಿದೆವು. ನಾನು ಚಾಕ್ ಕೆಳಗಿಟ್ಟ ಕೂಡಲೇ ಮಕ್ಕಳು ಗಣಿತದ ನೋಟ್ಸ್ ಮುಚ್ಚಿ ಇನ್ನೊಂದು ಪುಸ್ತಕ ತೆರೆಯುತ್ತಿದ್ದರು. ಬಳಿಕ ಸೈಲ್ಯಾಬ್ ಎಂಬ ಗಣಿತದ ತಂತ್ರಾಂಶದಲ್ಲಿ ಪ್ರಾಯೋಗಿಕ ಕೊಟ್ಟರೆ, ಸೀನಿಯರ್‌ಗಳ ರೆಕಾರ್ಡಿನಿಂದ ಅಕ್ಷರದೋಷಗಳ ಸಮೇತ ನಕಲಾಗಿ ಬಂತು.

ಕೊನೆಗೆ ಕೈಹಿಡಿದದ್ದು, ಮೊದಲು ಯಂತ್ರದಿಂದ ಎಣಿಸಿ ಆಮೇಲೆ ಕಾಗದದಲ್ಲಿ ಸಾಧಿಸುವ ಕ್ರಮ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನದಾಗುವ ಫಿಬೊನಾಚಿ ಸರಣಿಗೆ ಸರಳ ರಿಕರ್ಸಿವ್ ಫಂಕ್ಷನ್ ಬರೆಸಿ, ಅದು ಎಷ್ಟು ಬಾರಿ ಕರೆಯಲ್ಪಡುತ್ತದೆಂದು ಒಂದು ಕೌಂಟರ್‌ನಿಂದ ಎಣಿಸಲು ಹೇಳಿದೆ. ಸೊನ್ನೆಯಿಂದ ಶುರುಮಾಡಿದರೆ 1, 1, 3, 5, 9, 15, 25 ಬರುತ್ತದೆ. ಒಂದು ಕೂಡಿಸಿ ಅರ್ಧ ಮಾಡಿದರೆ ಮತ್ತೆ ಫಿಬೊನಾಚಿ ಸಂಖ್ಯೆಗಳೇ ಸಿಗುತ್ತವೆಂಬುದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕಂಡುಹಿಡಿದಳು. ಅಲ್ಲಿಂದ ಇಂಡಕ್ಷನ್ ನಾನು ಹೇರಿದ ಪಾಠವಾಗದೆ, ಅವರ ಊಹೆಗೆ ಅವರೇ ಬೇಡಿದ ಸಾಧನೆ (ಪ್ರೂಫ್) ಆಯಿತು. 40ನೆಯ ಸಂಖ್ಯೆಗೆ ಕರೆಗಳು 33 ಕೋಟಿ ದಾಟುತ್ತವೆ. ದೇವತೆಗಳ ಲೆಕ್ಕ ಸರಿಹೋಯಿತೆಂದು ತರಗತಿ ನಕ್ಕಿತು, ನಮ್ಮ ಹಳೆಯ ಯಂತ್ರಗಳು ಮಾತ್ರ ನಿಮಿಷಕ್ಕೂ ಮೀರಿ ಒದ್ದಾಡಿದವು.

ಹಣದ ವಿಷಯಕ್ಕೆ ಬಂದರೆ, ಲೈಸೆನ್ಸ್ ಬೇಕಾದ ತಂತ್ರಾಂಶಕ್ಕೆ ಬಂದ ಕೊಟೇಶನ್ ಲಕ್ಷದ ಹತ್ತಿರವಿತ್ತು. ಅದನ್ನು ಬದಿಗಿಟ್ಟು, ಹತ್ತು ಹಳೆಯ ಡೆಸ್ಕ್‌ಟಾಪ್‌ಗಳಿಗೆ ತಲಾ 2,500 ರೂಪಾಯಿಯ ಆಸುಪಾಸಿನಲ್ಲಿ ಎಸ್‌ಎಸ್‌ಡಿ ಮತ್ತು ರ‍್ಯಾಮ್ ಹಾಕಿಸಿ ಉಚಿತವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ತುಂಬಿದೆವು. ಅದಕ್ಕಿಂತ ಹೆಚ್ಚು ನುಂಗಿದ್ದು ಯುಪಿಎಸ್ ಬ್ಯಾಟರಿಗಳು. ನಮ್ಮ ಮಳೆಗಾಲದಲ್ಲಿ ಅವಿಲ್ಲದೆ ಲ್ಯಾಬ್ ನಡೆಸುವಂತಿಲ್ಲ.

ಸಾಲು-ಕಂಬಗಳಲ್ಲಿ ಸಂಖ್ಯೆ ಬರೆಯುವ ಮ್ಯಾಟ್ರಿಕ್ಸ್‌ನಲ್ಲೂ ಇದೇ ಕ್ರಮ ಪ್ರಯತ್ನಿಸಿದೆ. ಉಡುಪಿ, ಪಡುಬಿದ್ರಿ, ಕಾರ್ಕಳ, ಮಂಗಳೂರು ಎಂಬ ನಾಲ್ಕು ಊರುಗಳನ್ನಿಟ್ಟು, ನೇರ ಬಸ್ಸಿದ್ದರೂ ಉಡುಪಿ–ಮಂಗಳೂರು ಜೋಡಿಯೊಂದನ್ನು ಬಿಟ್ಟು, ಉಳಿದ ಜೋಡಿಗಳಿಗೆಲ್ಲ 1 ಬರೆಸಿದೆ. ಎರಡು ಹೆಜ್ಜೆಯ ದಾರಿಗಳನ್ನು ಎಣಿಸುವ ಮ್ಯಾಟ್ರಿಕ್ಸ್‌ನ ವರ್ಗದಲ್ಲಿ ಉಡುಪಿ–ಮಂಗಳೂರು ಸ್ಥಾನಕ್ಕೆ 2 ಬಂತು: ಪಡುಬಿದ್ರಿ ಮೇಲೆ ಒಂದು, ಕಾರ್ಕಳದ ಮೇಲೆ ಒಂದು. ನಾಲ್ಕು ಹೆಜ್ಜೆಯ ದಾರಿಗಳನ್ನು ಎಣಿಸುವ ನಾಲ್ಕನೆಯ ಘಾತದಲ್ಲಿ ಅದೇ ಸ್ಥಾನಕ್ಕೆ 10 ಬಂದಾಗ ಒಬ್ಬ ಎದ್ದುನಿಂತು, ‘ಪಡುಬಿದ್ರಿಗೆ ಹೋಗಿ ವಾಪಸ್ ಉಡುಪಿಗೆ ಬಂದು ಪುನಃ ಹೊರಡುವವರು ಯಾರು ಸಾರ್?’ ಎಂದು ಕೇಳಿದ. ಅಲ್ಲಿಂದ ಸಹೋದ್ಯೋಗಿ ಪಾಠ ವಹಿಸಿಕೊಂಡರು. ಒಮ್ಮೆ ಕಂಡ ಊರಿಗೆ ಗುರುತು ಹಾಕಿ ಹುಡುಕುವ ಪ್ರೋಗ್ರಾಮ್ ಓಡಿಸಿದಾಗ ಹತ್ತರಲ್ಲಿ ಒಂದು ದಾರಿಯೂ ಉಳಿಯಲಿಲ್ಲ. ಊರನ್ನು ಮರಳಿ ಮುಟ್ಟದೆ ನಾಲ್ಕು ಹೆಜ್ಜೆ ಇಡಲು ಐದು ಊರು ಬೇಕೆಂಬುದನ್ನು ಆ ಹುಡುಗನೇ ಬೋರ್ಡಿನಲ್ಲಿ ಸಾಧಿಸಿದ. ಮುಂಚೆ ಇಂಡಕ್ಷನ್ ಪ್ರಶ್ನೆಯನ್ನು ಚಾಯ್ಸ್‌ನಲ್ಲಿ ಬಿಡುತ್ತಿದ್ದ ತರಗತಿಯಲ್ಲಿ ಈಗ ಮುಕ್ಕಾಲು ಪಾಲು ಮಂದಿ ಅದನ್ನು ಬರೆಯುತ್ತಾರೆ, ಸ್ಟಾಫ್ ರೂಮಿನಲ್ಲಿ ನಕ್ಕಿದ್ದ ಇಬ್ಬರು ನಮ್ಮ ವರ್ಕ್‌ಶೀಟ್ ಕೇಳಿ ಪಡೆದಿದ್ದಾರೆ.